ಕೇಳಿದ್ದು, ಬರೆದದ್ದು ಮತ್ತು ಸತ್ಯಾಣುವ್ರತ

ಸತ್ಯಾಣುವ್ರತ ಎಂದೊಡನೆ ಶ್ರಾವಕನು ಮೊದಲು ನೆನೆಯುವುದು ತನ್ನ ನಾಲಗೆಯನ್ನು. ತಾನು ಸ್ಥೂಲವಾದ ಸುಳ್ಳನ್ನು ಆಡಬಾರದು, ಇತರರಿಂದ ಆಡಿಸಲೂಬಾರದು, ಪರರಿಗೆ ವಿಪತ್ತು ತರುವ ಮಾತು ನಿಜವೇ ಆದರೂ ಅದನ್ನು ನುಡಿಯಬಾರದು ಎಂಬುದು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ತೋರಿದ ಮಾರ್ಗ. ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಇದೇ ವ್ರತದ ಅತಿಚಾರಗಳನ್ನು ಎಣಿಸುವಾಗ ಮಿಥ್ಯೋಪದೇಶ, ರಹೋಭ್ಯಾಖ್ಯಾನ, ಕೂಟಲೇಖಕ್ರಿಯೆ, ನ್ಯಾಸಾಪಹಾರ, ಸಾಕಾರಮಂತ್ರಭೇದ ಎಂಬ ಐದನ್ನು ಹೇಳುತ್ತಾರೆ. ಇವುಗಳಲ್ಲಿ ಮೊದಲನೆಯದನ್ನು ಬಿಟ್ಟರೆ ಉಳಿದ ನಾಲ್ಕೂ ಪರರಿಗೆ ಸೇರಿದ ವಸ್ತುವನ್ನು ಕುರಿತವು: ಪರರ ಏಕಾಂತ, ಪರರ ಹೆಸರಿನ ಬರಹ, ಪರರ ಇಡುಗಂಟು, ಪರರ ಇಂಗಿತ. ತನ್ನ ಮಾತನ್ನು ಶುದ್ಧವಾಗಿಟ್ಟುಕೊಂಡರೆ ಮಾತ್ರ ಸತ್ಯವ್ರತ ಪೂರ್ಣವಾಗದು. ಪರರ ಮಾತನ್ನು ಹೇಗೆ ಇಟ್ಟುಕೊಂಡೆವು, ಹೇಗೆ ಬರೆದೆವು, ಹೇಗೆ ಬಳಸಿದೆವು ಎಂಬುದೂ ಅದರ ಭಾಗವೇ ಎಂಬ ಸೂಚನೆ ಇಲ್ಲಿದೆ.

ಈ ಸೂಚನೆಗೆ ಇಂದು ಹೊಸ ತುರ್ತು ಬಂದಿದೆ. ಮೊಬೈಲ್ ಇರುವ ಪ್ರತಿಯೊಬ್ಬನ ಜೇಬಿನಲ್ಲೂ ಈಗ ಧ್ವನಿಮುದ್ರಣ ಯಂತ್ರವಿದೆ. ಮುನಿಗಳ ಪ್ರವಚನ, ಟ್ರಸ್ಟಿನ ಸಭೆ, ಹಿರಿಯರ ನೆನಪುಗಳು, ವೈದ್ಯರೊಡನೆ ನಡೆದ ಸಮಾಲೋಚನೆ, ಅಂಗಡಿಯ ಮಾತುಕತೆ, ಎಲ್ಲವೂ ಮುದ್ರಣಗೊಳ್ಳುತ್ತಿವೆ. ಮುದ್ರಿತವಾದದ್ದನ್ನು ಕ್ಷಣಾರ್ಧದಲ್ಲಿ ಬರಹಕ್ಕೆ ಇಳಿಸುವ, ಅದರಿಂದ ಸಾರಾಂಶ ತೆಗೆಯುವ, ಮಾತನಾಡಿದವನ ಮನೋಭಾವವನ್ನೂ ಹೇಳುತ್ತೇವೆನ್ನುವ ತಂತ್ರಾಂಶಗಳು ಬಂದಿವೆ. ಹೀಗೆ ಹುಟ್ಟಿದ ಬರಹ ಸುಳ್ಳಾದರೆ ಆ ಸುಳ್ಳು ಯಾರದು? ಮುದ್ರಿತವಾದ ಮಾತಿನ ಒಡೆಯ ಯಾರು? ಈ ಎರಡು ಪ್ರಶ್ನೆಗಳನ್ನು ಶ್ರಾವಕಧರ್ಮದ ದೃಷ್ಟಿಯಿಂದ ಪರಿಶೀಲಿಸುವುದು ಅಗತ್ಯವಾಗಿದೆ.

ಮಾತು ಬರಹವಾಗುವ ಬಗೆ

1877ರಲ್ಲಿ ಥಾಮಸ್ ಎಡಿಸನ್ ಫೋನೋಗ್ರಾಫನ್ನು ನಿರ್ಮಿಸುವವರೆಗೆ ಒಮ್ಮೆ ಆಡಿದ ಮಾತನ್ನು ಮತ್ತೊಮ್ಮೆ ಅದೇ ಧ್ವನಿಯಲ್ಲಿ ಕೇಳುವ ಉಪಾಯ ಯಾರಿಗೂ ಇರಲಿಲ್ಲ. ಮಾತು ಕೇಳಿದವನ ಸ್ಮರಣೆಯಲ್ಲಿ ಉಳಿಯುತ್ತಿತ್ತು, ಇಲ್ಲವೇ ಬರೆದುಕೊಂಡವನ ಹಾಳೆಯಲ್ಲಿ. ಮುದ್ರಣ ಬಂದ ಮೇಲೂ ಬಹುಕಾಲ ವಿದ್ವಾಂಸರು ಮಾತಿನ ಸಾರವನ್ನಷ್ಟೇ ಬರೆದುಕೊಳ್ಳುತ್ತಿದ್ದರು. ಈ ರೂಢಿಯನ್ನು ಬದಲಿಸಿದವರಲ್ಲಿ ಅಮೆರಿಕದ ಹಾರ್ವೆ ಸ್ಯಾಕ್ಸ್ ಪ್ರಮುಖರು. 1963-64ರ ಸುಮಾರಿಗೆ ಅವರು ಲಾಸ್ ಏಂಜಲೀಸ್ ನಗರದ ಆತ್ಮಹತ್ಯೆ ತಡೆ ಕೇಂದ್ರಕ್ಕೆ ಬಂದ ದೂರವಾಣಿ ಕರೆಗಳ ಮುದ್ರಣವನ್ನು ಅಕ್ಷರಶಃ ಕೇಳಿ ಅಧ್ಯಯನ ಮಾಡಿದರು. ಬದುಕನ್ನೇ ತೊರೆಯಲು ನಿಂತವನು ಎಲ್ಲಿ ತಡೆದು ಮಾತನಾಡಿದ, ಹೆಸರು ಕೇಳಿದಾಗ ಹೇಗೆ ನುಣುಚಿಕೊಂಡ ಎಂಬುದು ಸಾರಾಂಶದಲ್ಲಿ ಸಿಕ್ಕುವ ಸಂಗತಿಯಲ್ಲ. ಅವರ ಸಹೋದ್ಯೋಗಿ ಗೇಲ್ ಜೆಫರ್‌ಸನ್ ಇದಕ್ಕೆಂದೇ ಒಂದು ಸಂಕೇತ ಪದ್ಧತಿಯನ್ನು ರೂಪಿಸಿದರು. ಸೆಕೆಂಡಿನ ಹತ್ತನೆಯ ಒಂದು ಭಾಗದವರೆಗೆ ಅಳೆದ ಮೌನ, ಇಬ್ಬರೂ ಒಟ್ಟಿಗೆ ಮಾತನಾಡಿದ ಸ್ಥಳ, ಏರಿದ ಇಲ್ಲವೇ ಇಳಿದ ದನಿ, ಉಸಿರು, ನಗು ಎಲ್ಲಕ್ಕೂ ಅದರಲ್ಲಿ ಗುರುತುಗಳಿವೆ. ಸರಿಯಾಗಿ ಕೇಳಿಸದ ಮಾತನ್ನು ಆವರಣ ಚಿಹ್ನೆಯೊಳಗೆ ಇಡುವುದು ಆ ಪದ್ಧತಿಯ ನಿಯಮ.

ಗಣಕಯಂತ್ರಗಳು ಬಂದಂತೆ ಈ ಶ್ರಮಕ್ಕೆ ತಂತ್ರಾಂಶಗಳು ನೆರವಾದವು. 1984ರಲ್ಲಿ ಬ್ರಯಾನ್ ಮ್ಯಾಕ್‌ವಿನ್ನಿ ಮತ್ತು ಕ್ಯಾಥರೀನ್ ಸ್ನೋ ಮಕ್ಕಳ ಮಾತಿನ ಭಂಡಾರವೊಂದನ್ನು ಆರಂಭಿಸಿದರು. ಅದರ ಬರಹಕ್ಕೆ 'ಚ್ಯಾಟ್' ಎಂಬ ನಿಯಮಾವಳಿಯೂ, ವಿಶ್ಲೇಷಣೆಗೆ 'ಕ್ಲ್ಯಾನ್' ಎಂಬ ತಂತ್ರಾಂಶವೂ ಸಿದ್ಧವಾದವು. ಮಗು ಆಡಿದ್ದು ಅರ್ಥವಾಗದಿದ್ದರೆ ಊಹಿಸಿ ಬರೆಯುವಂತಿಲ್ಲ. 'ಎಕ್ಸ್' ಎಂಬ ಅಕ್ಷರವನ್ನು ಮೂರು ಬಾರಿ ಬರೆದು ಮುಂದೆ ಹೋಗಬೇಕು. ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದ ಪಾಲ್ ಬೋರ್ಸ್ಮಾ ಮತ್ತು ಡೇವಿಡ್ ವೀನಿಂಕ್ ರೂಪಿಸಿದ 'ಪ್ರಾಟ್' ಧ್ವನಿಯ ಏರಿಳಿತಗಳನ್ನು ರೇಖೆಗಳಾಗಿ ತೋರಿಸುತ್ತದೆ. ನೆದರ್ಲೆಂಡ್ಸಿನ ನೈಮೇಖೆನ್ ನಗರದ ಮ್ಯಾಕ್ಸ್ ಪ್ಲಾಂಕ್ ಮನೋಭಾಷಾವಿಜ್ಞಾನ ಸಂಸ್ಥೆಯ 'ಎಲಾನ್' ಎಂಬ ಉಚಿತ ತಂತ್ರಾಂಶ ಒಂದೇ ದೃಶ್ಯಮುದ್ರಣದ ಕೆಳಗೆ ಹಲವು ಪದರಗಳನ್ನು ಹಾಸುತ್ತದೆ: ಒಂದರಲ್ಲಿ ಮಾತು, ಒಂದರಲ್ಲಿ ಅದರ ಅನುವಾದ, ಒಂದರಲ್ಲಿ ಕೈಸನ್ನೆ, ಮತ್ತೊಂದರಲ್ಲಿ ನೋಟದ ದಿಕ್ಕು. ಕಿವುಡರ ಸಂಜ್ಞಾಭಾಷೆಯನ್ನೂ ಅಳಿವಿನಂಚಿನಲ್ಲಿರುವ ನುಡಿಗಳನ್ನೂ ಬಲ್ಲವರು ಇದರ ನೆರವಿನಿಂದ ದಾಖಲಿಸಿದ್ದಾರೆ.

ಈ ಸಾಧನಗಳಲ್ಲೆಲ್ಲ ಕೇಳುವವನು ಮನುಷ್ಯನೇ. ಯಂತ್ರ ಹಿಂದಕ್ಕೆ ಮುಂದಕ್ಕೆ ಓಡಿಸುತ್ತದೆ, ಕಾಲವನ್ನು ಅಳೆಯುತ್ತದೆ, ಪಟ್ಟಿ ಮಾಡುತ್ತದೆ. ಈಚಿನ ವರ್ಷಗಳಲ್ಲಿ ಬಂದ ಬದಲಾವಣೆ ಬೇರೆ ಬಗೆಯದು. 2022ರ ಸೆಪ್ಟೆಂಬರಿನಲ್ಲಿ ಓಪನ್‌ಎಐ ಸಂಸ್ಥೆ ಹೊರತಂದ 'ವಿಸ್ಪರ್' 6 ಲಕ್ಷ 80 ಸಾವಿರ ಗಂಟೆಗಳ ಧ್ವನಿಯಿಂದ ತರಬೇತಿ ಪಡೆದದ್ದು; ಅದು ತಾನೇ ಕೇಳಿ ತಾನೇ ಬರೆಯುತ್ತದೆ. ಅದರ ಕ್ರಮ ಹೀಗಿದೆ: ಕಿವಿಗೆ ಬಿದ್ದ ಧ್ವನಿಯನ್ನೂ ಆಗಲೇ ಬರೆದ ಪದಗಳನ್ನೂ ನೋಡಿ, ಮುಂದೆ ಬರಬಹುದಾದ ಪದಗಳಲ್ಲಿ ಅತಿ ಸಂಭವನೀಯವಾದದ್ದನ್ನು ಆರಿಸುವುದು. ಆದ್ದರಿಂದ ಸರಿಯಾಗಿ ಕೇಳಿಸಿದ ಕಡೆಯಲ್ಲೂ ಕೇಳಿಸದ ಕಡೆಯಲ್ಲೂ ಅದರ ವಾಕ್ಯ ಒಂದೇ ಸಮನೆ ಸರಾಗವಾಗಿರುತ್ತದೆ. ಓದುವವನಿಗೆ ಎಲ್ಲಿ ಶ್ರವಣ ಮುಗಿದು ಊಹೆ ಆರಂಭವಾಯಿತೆಂಬುದು ತಿಳಿಯುವುದಿಲ್ಲ.

ಪ್ರತಿ ಬರಹವೂ ಒಂದು ನಯ

ಮುದ್ರಣವಿರುವಾಗ ಬರಹ ತಾನಾಗಿಯೇ ನಿಜವಾಗಿರುತ್ತದೆಂಬ ಭಾವನೆ ಸಾಮಾನ್ಯ. ಅದು ಹಾಗಲ್ಲವೆಂದು 1979ರಲ್ಲಿ ಎಲಿನರ್ ಓಕ್ಸ್ ಎಂಬ ವಿದುಷಿ ಒಂದು ಪ್ರಬಂಧದಲ್ಲಿ ಪ್ರತಿಪಾದಿಸಿದರು. ಮಾತನ್ನು ಬರಹಕ್ಕೆ ಇಳಿಸುವವನು ಏನನ್ನು ಉಳಿಸಬೇಕು, ಏನನ್ನು ಬಿಡಬೇಕು, ಯಾರ ಮಾತನ್ನು ಮೊದಲಿಡಬೇಕು ಎಂದು ಪ್ರತಿ ಸಾಲಿನಲ್ಲೂ ನಿರ್ಧರಿಸುತ್ತಾನೆ. ಆ ಆಯ್ಕೆಯಲ್ಲಿಯೇ ಅವನ ಸಿದ್ಧಾಂತ ಅಡಗಿರುತ್ತದೆ ಎಂಬುದು ಆ ಪ್ರಬಂಧದ ತಿರುಳು.

ಅನೇಕಾಂತವನ್ನು ಅರಿತವರಿಗೆ ಇದು ಹೊಸ ಮಾತೆನಿಸದು. ವಸ್ತು ಅನಂತಧರ್ಮಾತ್ಮಕ, ಒಂದು ಧರ್ಮವನ್ನು ಮುಂದಿಟ್ಟು ಉಳಿದವನ್ನು ಗೌಣವಾಗಿಸಿ ಹೇಳುವುದು ನಯ, ಉಳಿದವು ಇಲ್ಲವೇ ಇಲ್ಲ ಎನ್ನುವುದು ದುರ್ನಯ. ಒಂದು ಉದಾಹರಣೆಯನ್ನು ನೋಡಬಹುದು. ಬಸದಿಯ ಜಮೀನನ್ನು ಗುತ್ತಿಗೆಗೆ ಕೊಡುವ ವಿಷಯ ಟ್ರಸ್ಟಿನ ಸಭೆಗೆ ಬಂದಿದೆಯೆಂದು ಭಾವಿಸೋಣ. ಹಿರಿಯ ಸದಸ್ಯರೊಬ್ಬರು ಮೂರು ಸೆಕೆಂಡು ಸುಮ್ಮನಿದ್ದು, ತಲೆ ತಗ್ಗಿಸಿ, ಕುಗ್ಗಿದ ದನಿಯಲ್ಲಿ "ಆಗಲಿ" ಎನ್ನುತ್ತಾರೆ. ನಡಾವಳಿ ಪುಸ್ತಕದಲ್ಲಿ "ಸರ್ವಾನುಮತದಿಂದ ಅಂಗೀಕರಿಸಲಾಯಿತು" ಎಂದಾಗುತ್ತದೆ. ಯಂತ್ರದ ಬರಹದಲ್ಲಿ "ಆಗಲಿ" ಎಂಬ ಒಂದು ಪದವಿರುತ್ತದೆ. ಜೆಫರ್‌ಸನ್ ಪದ್ಧತಿಯ ಬರಹದಲ್ಲಿ ಮೂರು ಸೆಕೆಂಡಿನ ಮೌನವೂ ಕುಗ್ಗಿದ ದನಿಯೂ ಇರುತ್ತವೆ. ಎಲಾನ್‌ನ ಪದರಗಳಲ್ಲಿ ತಗ್ಗಿದ ತಲೆಯೂ ಇರುತ್ತದೆ. ನಾಲ್ಕೂ ಒಂದೊಂದು ನಯದಿಂದ ನಿಜ. ಆದರೆ ಮೊದಲನೆಯದನ್ನಷ್ಟೇ ಹಿಡಿದು "ಹಿರಿಯರಿಗೆ ಪೂರ್ಣ ಸಮ್ಮತಿ ಇತ್ತು" ಎಂದು ಸಾಧಿಸಿದರೆ ಅದು ದುರ್ನಯ. ಕೊನೆಯದನ್ನು ಹಿಡಿದು "ಅವರಿಗೆ ಸಮ್ಮತಿ ಇರಲೇ ಇಲ್ಲ" ಎಂದರೆ ಅದೂ ದುರ್ನಯವೇ. ತಗ್ಗಿದ ತಲೆಗೆ ಮೊಣಕಾಲಿನ ನೋವೂ ಕಾರಣವಾಗಿರಬಹುದು.

ಲೋಪವಾದ ಒಂದು ಪದ

ಕೇಳಿದ್ದು ಬರಹವಾಗಿ, ಬರಹವು ಮತ್ತೊಂದು ಬರಹವಾಗಿ ಸಾಗುವಾಗ ಏನಾಗಬಹುದೆಂಬುದಕ್ಕೆ ಜೈನರ ಸ್ವಂತ ಇತಿಹಾಸದಲ್ಲೇ ಸಾಕ್ಷಿಯಿದೆ. ಶ್ರುತ ಎಂಬ ಪದದ ಅರ್ಥವೇ ಕೇಳಿದ್ದು. ಗುರುವಿನಿಂದ ಶಿಷ್ಯನ ಕಿವಿಗೆ ಬಂದ ಶ್ರುತವು ಕ್ಷೀಣಿಸುತ್ತಿರುವುದನ್ನು ಕಂಡು ಧರಸೇನಾಚಾರ್ಯರು ತಾವು ಬಲ್ಲದ್ದನ್ನು ಪುಷ್ಪದಂತ ಮತ್ತು ಭೂತಬಲಿ ಎಂಬ ಮುನಿಗಳಿಗೆ ಬೋಧಿಸಿದರು. ಅವರಿಂದ ಷಟ್ಖಂಡಾಗಮ ಗ್ರಂಥರೂಪಕ್ಕೆ ಬಂತು. ಅದರ ಧವಲಾ ಟೀಕೆಯ ಪ್ರಾಚೀನ ತಾಳೆಗರಿಗಳು ಹಳಗನ್ನಡ ಲಿಪಿಯಲ್ಲಿ ಮೂಡುಬಿದಿರೆಯಲ್ಲಿ ಉಳಿದುಬಂದವು.

ಅವುಗಳಿಂದ ಮಾಡಿದ ಪ್ರತಿಗಳ ಪ್ರತಿಗಳನ್ನು ಆಧರಿಸಿ ಡಾ. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ 1939ರಲ್ಲಿ ಮೊದಲ ಸಂಪುಟ ಪ್ರಕಟವಾಯಿತು. ಅದರ 93ನೆಯ ಸೂತ್ರದಲ್ಲಿ 'ಸಂಜದ' ಎಂಬ ಪದ ಇರಬೇಕೆಂದು ಅರ್ಥಸಂಗತಿಯಿಂದ ಸಂಪಾದಕರಿಗೆ ತೋರಿತು. ಕೈಯಲ್ಲಿದ್ದ ಪ್ರತಿಗಳಲ್ಲಿ ಅದು ಇರಲಿಲ್ಲ. ಅವರು ಅದನ್ನು ಮೂಲಪಾಠದೊಳಗೆ ಸೇರಿಸದೆ ಅಡಿಟಿಪ್ಪಣಿಯಲ್ಲಿ ಸೂಚಿಸಿದರು. ಆ ಒಂದು ಪದ ಇದೆಯೋ ಇಲ್ಲವೋ ಎಂಬುದರ ಮೇಲೆ ಸಿದ್ಧಾಂತದ ಗಂಭೀರ ಚರ್ಚೆ ನಿಂತಿದ್ದುದರಿಂದ ಸಮಾಜದಲ್ಲಿ ದೊಡ್ಡ ವಿವಾದವೇ ಎದ್ದಿತು. ಕಡೆಗೆ ಮೂಡುಬಿದಿರೆಯ ತಾಳೆಗರಿಯೊಡನೆ ತಾಳೆ ನೋಡಿದಾಗ ಆ ಪದ ಅಲ್ಲಿತ್ತು. ಪದದ ಅರ್ಥವನ್ನು ಕುರಿತ ವಾದ ಅನಂತರವೂ ನಡೆದಿರಬಹುದು. ಪದದ ಇರವನ್ನು ಮೂಲವೇ ತೀರ್ಮಾನಿಸಿತು.

ಈ ಪ್ರಸಂಗದಲ್ಲಿ ಎರಡು ಪಾಠಗಳಿವೆ. ಪ್ರತಿಕಾರರು ಸುಳ್ಳುಗಾರರಲ್ಲ, ಭಕ್ತಿಯಿಂದ ಬರೆದವರೇ. ಆದರೂ ಪದ ತಪ್ಪಿತು. ಆದ್ದರಿಂದ ಮೂಲವನ್ನು ಕಾಪಾಡುವುದು ಮೊದಲ ಧರ್ಮ. ತನ್ನ ಊಹೆ ಸರಿಯೆಂದು ಬಲವಾಗಿ ತೋರಿದರೂ ಅದನ್ನು ಊಹೆಯೆಂದೇ ತೋರಿಸಿ ಅಡಿಟಿಪ್ಪಣಿಯಲ್ಲಿಡುವುದು ಎರಡನೆಯ ಧರ್ಮ. ಸಂಪಾದಕರ ಊಹೆ ನಿಜವಾಯಿತು. ಆದರೆ ಅವರ ಪ್ರಾಮಾಣಿಕತೆ ಇರುವುದು ಊಹೆ ನಿಜವಾದುದರಲ್ಲಿ ಅಲ್ಲ, ಅದನ್ನು ಮೂಲದೊಡನೆ ಬೆರೆಸದೆ ಇದ್ದುದರಲ್ಲಿ.

ಐದು ಅತಿಚಾರಗಳು

ಈ ಹಿನ್ನೆಲೆಯಲ್ಲಿ ಸೂತ್ರಕಾರರು ಹೇಳಿದ ಐದು ಅತಿಚಾರಗಳನ್ನು ಇಂದಿನ ಸಾಧನಗಳಿಗೆ ಅನ್ವಯಿಸಿ ನೋಡಬಹುದು.

ಮಿಥ್ಯೋಪದೇಶವೆಂದರೆ ಶ್ರೇಯಸ್ಸಿನ ಮಾರ್ಗದ ವಿಷಯದಲ್ಲಿ ಜನರನ್ನು ತಪ್ಪುದಾರಿಗೆ ಎಳೆಯುವುದು. ಮುನಿಗಳ ಪ್ರವಚನವನ್ನು ಯಂತ್ರದಿಂದ ಬರೆಸಿ, ತಿದ್ದದೆ ಹಂಚುವ ರೂಢಿ ಬೆಳೆಯುತ್ತಿದೆ. ಕನ್ನಡದಲ್ಲಿ ವಿಧಿನಿಷೇಧಗಳೆರಡೂ ವಾಕ್ಯದ ಕೊನೆಯ ಒಂದೆರಡು ಅಕ್ಷರಗಳಲ್ಲಿರುತ್ತವೆ. "ಮಾಡಬಹುದು", "ಮಾಡಬಾರದು" ಎಂಬ ಎರಡರ ನಡುವೆ ಕೇಳಿಸುವ ಅಂತರ ಅತ್ಯಲ್ಪ. ಧ್ವನಿವರ್ಧಕದ ಗದ್ದಲದಲ್ಲಿ ಅದು ಅಳಿಸಿಹೋದರೆ ಗುರುಗಳ ನಿಷೇಧವೇ ಗುರುಗಳ ಅನುಮತಿಯಾಗಿ ಮನೆಮನೆಗೆ ತಲುಪುತ್ತದೆ.

ರಹೋಭ್ಯಾಖ್ಯಾನವೆಂದರೆ ಸ್ತ್ರೀಪುರುಷರು ಏಕಾಂತದಲ್ಲಿ ನಡೆದುಕೊಂಡದ್ದನ್ನು ಬಹಿರಂಗಗೊಳಿಸುವುದು. ದಂಪತಿಗಳ ಕಲಹವನ್ನು ಗುಟ್ಟಾಗಿ ಮುದ್ರಿಸಿ ಬಂಧುಗಳಿಗೆ ಕೇಳಿಸುವುದು, ಸೊಸೆಯ ದೂರವಾಣಿ ಮಾತನ್ನು ಹಿಡಿದಿಡುವುದು ಇದರಡಿ ಬರುತ್ತವೆ. 2023ರಲ್ಲಿ ಸಂಸತ್ತು ಅಂಗೀಕರಿಸಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು ವ್ಯಕ್ತಿಯೊಬ್ಬನ ಸ್ವಂತ ಇಲ್ಲವೇ ಗೃಹಸಂಬಂಧಿ ಬಳಕೆಗೆ ಅನ್ವಯಿಸದು. ಆ ಕಾಯಿದೆ ಮನೆಯ ಹೊಸ್ತಿಲಲ್ಲಿ ನಿಲ್ಲುತ್ತದೆ. ಅಣುವ್ರತ ಮನೆಯ ಒಳಗೇ ಆರಂಭವಾಗುತ್ತದೆ.

ಕೂಟಲೇಖಕ್ರಿಯೆ ಇಲ್ಲಿ ವಿಸ್ತಾರವಾದ ವಿಚಾರವನ್ನು ಬೇಡುತ್ತದೆ. ಕರ್ನಾಟಕದ ಪೂಜ್ಯಪಾದ ಆಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಇದನ್ನು ವಿವರಿಸುವ ರೀತಿ ಆಶ್ಚರ್ಯಕರವಾಗಿ ಇಂದಿಗೆ ಒಪ್ಪುತ್ತದೆ. ಒಬ್ಬನು ಆಡದೆ ಇದ್ದುದನ್ನು ಆಡಿದನೆಂದೂ, ಮಾಡದೆ ಇದ್ದುದನ್ನು ಮಾಡಿದನೆಂದೂ ವಂಚನೆಗಾಗಿ ಬರೆಯುವುದು ಕೂಟಲೇಖ. ಅಮೆರಿಕದ ಸಂಶೋಧಕರು 2023ರಲ್ಲಿ ವಿಸ್ಪರ್ ತಂತ್ರಾಂಶವನ್ನು ಪರೀಕ್ಷಿಸಿ 2024ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದಕ್ಕೆ ಸಮೀಪದ ಸಂಗತಿ ಕಾಣುತ್ತದೆ. ಪರೀಕ್ಷೆಗೆ ಒಳಪಟ್ಟ ಧ್ವನಿಖಂಡಗಳಲ್ಲಿ ಸುಮಾರು ನೂರಕ್ಕೆ ಒಂದರಲ್ಲಿ, ಮಾತನಾಡಿದವರು ಆಡದೆಯೇ ಇದ್ದ ಇಡೀ ಪದಗುಚ್ಛ ಇಲ್ಲವೇ ವಾಕ್ಯ ಬರಹದಲ್ಲಿ ಸೇರಿತ್ತು. ಹಾಗೆ ಸೇರಿದವುಗಳಲ್ಲಿ ಶೇಕಡಾ 38ರಷ್ಟು ಹಾನಿಕರವಾದವು: ಹಿಂಸೆಯ ವರ್ಣನೆ, ಇಲ್ಲದ ಸಂಬಂಧದ ಆರೋಪ ಮುಂತಾದವು.

ಆ ಅಧ್ಯಯನದ ಧ್ವನಿಗಳಲ್ಲಿ ಪಾರ್ಶ್ವವಾಯು ಮುಂತಾದ ಮಿದುಳಿನ ಆಘಾತದಿಂದ ಮಾತು ಕುಂಠಿತವಾದ ಅಫೇಸಿಯಾ ಪೀಡಿತರದ್ದೂ ಇದ್ದವು. ಪದ ಹುಡುಕುತ್ತಾ ಅವರು ನಡುನಡುವೆ ನಿಲ್ಲುತ್ತಾರೆ. ಮುದ್ರಣದಲ್ಲಿ ಮಾತಿಲ್ಲದ ಕಾಲ ಹೆಚ್ಚಿದ್ದಷ್ಟೂ ಯಂತ್ರ ಇಲ್ಲದ ವಾಕ್ಯಗಳನ್ನು ಹೆಣೆಯುವ ಸಂಭವ ಹೆಚ್ಚು ಎಂದು ಕಂಡುಬಂತು. ಇದರ ಅರ್ಥವನ್ನು ಚೆನ್ನಾಗಿ ಗ್ರಹಿಸಬೇಕು. ಮಾತನಾಡಲು ಅತಿ ಕಷ್ಟಪಡುವವನ ಬಾಯಲ್ಲೇ ಯಂತ್ರ ಅತಿ ಹೆಚ್ಚು ಸುಳ್ಳು ಮಾತನ್ನು ಇಡುತ್ತದೆ. ಅದನ್ನು ಅಲ್ಲಗಳೆಯುವ ಶಕ್ತಿಯೂ ಅವನಿಗೇ ಅತಿ ಕಡಿಮೆ. ಪಾರ್ಶ್ವವಾಯುವಿನಿಂದ ಮಲಗಿದ ಹಿರಿಯರ ಕೊನೆಯ ಇಚ್ಛೆಯನ್ನು ಮಕ್ಕಳು ಮುದ್ರಿಸಿಕೊಂಡು, ಯಂತ್ರದ ಬರಹವನ್ನೇ ನಂಬಿ ಆಸ್ತಿಯ ವಿಷಯದಲ್ಲಿ ವ್ಯವಹರಿಸಿದರೆ, ಒಡಹುಟ್ಟಿದವರ ನಡುವೆ ಹುಟ್ಟುವ ವೈರಕ್ಕೆ ಯಾರೂ ಆಡದ ಒಂದು ವಾಕ್ಯ ಕಾರಣವಾಗಬಹುದು. ಜೈನಾಚಾರದಲ್ಲಿ ಮೌನವು ಬರಿಯ ಶೂನ್ಯವಲ್ಲ. ವಚನಗುಪ್ತಿ ಒಂದು ಸಾಧನೆ. ಸಲ್ಲೇಖನ ವ್ರತಸ್ಥರ ಮೌನವನ್ನು ಮಾತಿನಿಂದ ತುಂಬುವ ಅಧಿಕಾರ ಯಾರಿಗೂ ಇಲ್ಲ, ಯಂತ್ರಕ್ಕೂ ಇಲ್ಲ.

ಯಂತ್ರಗಳ ಕಿವಿ ಎಲ್ಲರಿಗೂ ಸಮಾನವಲ್ಲವೆಂಬುದನ್ನೂ ಇಲ್ಲಿಯೇ ಹೇಳಬೇಕು. 2020ರಲ್ಲಿ ಪ್ರಕಟವಾದ ಅಮೆರಿಕದ ಇನ್ನೊಂದು ಅಧ್ಯಯನ ಐದು ದೊಡ್ಡ ಕಂಪನಿಗಳ ಅಂದಿನ ತಂತ್ರಾಂಶಗಳನ್ನು ಪರೀಕ್ಷಿಸಿತು. ಬಿಳಿಯರ ಮಾತಿನಲ್ಲಿ ಪ್ರತಿ 100 ಪದಗಳಿಗೆ ಸರಾಸರಿ 19 ತಪ್ಪುಗಳಾದರೆ ಕಪ್ಪು ಜನರ ಮಾತಿನಲ್ಲಿ 35 ಆಗಿದ್ದವು. ತರಬೇತಿಯಲ್ಲಿ ಯಾರ ಧ್ವನಿ ಹೆಚ್ಚು ಕೇಳಿಸಿತೋ ಅವರ ಮಾತೇ ಸರಿಯಾಗಿ ಬರಹವಾಗುವುದು ಈ ಯಂತ್ರಗಳ ಸ್ವಭಾವ. ಹಳ್ಳಿಯ ಅಜ್ಜಿಯ ಕನ್ನಡಕ್ಕೂ ಇದು ಅನ್ವಯಿಸುತ್ತದೆ.

ನ್ಯಾಸಾಪಹಾರ ವ್ಯಾಪಾರಿಗಳಿಗೆ ಸುಲಭವಾಗಿ ತಿಳಿಯುವ ಅತಿಚಾರ. ಇದರ ಪ್ರಸಿದ್ಧ ವಿವರಣೆ ಹೀಗಿದೆ: ಒಬ್ಬನು ಹೊನ್ನನ್ನು ಇಡುಗಂಟಾಗಿ ಇಟ್ಟು, ಎಷ್ಟೆಂಬುದನ್ನು ಮರೆತು, ಕಡಿಮೆ ಕೇಳುತ್ತಾನೆ. ಇಟ್ಟುಕೊಂಡವನು ನಿಜ ತಿಳಿದೂ "ಹೌದು, ಅಷ್ಟೇ" ಎನ್ನುತ್ತಾನೆ. ಕದ್ದದ್ದಿಲ್ಲ, ಬಲಾತ್ಕರಿಸಿದ್ದಿಲ್ಲ, ಇಟ್ಟವನ ಅಜ್ಞಾನಕ್ಕೆ ಸಮ್ಮತಿಯ ಮುದ್ರೆ ಒತ್ತಿದ್ದಷ್ಟೇ. ಮುದ್ರಿತವಾದ ಮಾತೂ ಇಂತಹ ಇಡುಗಂಟು. ಮೂವತ್ತು ವರ್ಷಗಳ ಹಿಂದೆ ಕ್ಯಾಸೆಟ್ಟಿಗೆ ತನ್ನ ಬಾಲ್ಯದ ಕಥೆ ಹೇಳಿದ ಹಿರಿಯಳು ತಾನು ಒಂದು ಕಥೆಯನ್ನು ಕೊಟ್ಟೆನೆಂದು ತಿಳಿದಿದ್ದಳು. ಇಂದಿನ ತಂತ್ರಾಂಶ ಅದೇ ಕ್ಯಾಸೆಟ್ಟಿನಿಂದ ಅವಳ ಧ್ವನಿಯನ್ನೇ ಅನುಕರಿಸಿ ಅವಳು ಆಡದ ಮಾತನ್ನು ಆಡಿಸಬಲ್ಲದು. ಕೊಟ್ಟಾಗ ಅವಳಿಗೆ ಎಣಿಕೆ ತಿಳಿದಿರಲಿಲ್ಲ, ತಿಳಿಯುವಂತೆಯೂ ಇರಲಿಲ್ಲ. ಹೊಸ ಬಳಕೆಗೆ "ಅವರು ಆಗಲೇ ಒಪ್ಪಿದ್ದಾರೆ" ಎನ್ನುವುದು "ಹೌದು, ಅಷ್ಟೇ" ಎಂದ ಸಾಹುಕಾರನ ಮಾತಿಗೆ ಸಮ. ಇಡುಗಂಟಿನ ಬೆಲೆ ಏರಿದರೆ ಏರಿದ ಬೆಲೆಯೂ ಒಡೆಯನದೇ.

ಭಾಷಾ ಸಂಶೋಧಕರಲ್ಲಿ ಈ ಎಚ್ಚರ ಒಂದು ಮಟ್ಟಿಗೆ ರೂಢಿಗೆ ಬಂದಿದೆ. ನೈಮೇಖೆನ್‌ನ ಭಾಷಾ ಭಂಡಾರದಲ್ಲಿ ಕೆಲವು ಮುದ್ರಣಗಳು ಎಲ್ಲರಿಗೂ ಮುಕ್ತ, ಕೆಲವು ಅನುಮತಿ ಪಡೆದವರಿಗೆ ಮಾತ್ರ, ಕೆಲವು ಮುಚ್ಚಿಟ್ಟವು. ಪೆಸಿಫಿಕ್ ದ್ವೀಪಗಳ ನುಡಿ ಮತ್ತು ಹಾಡುಗಳಿಗಾಗಿ ಆಸ್ಟ್ರೇಲಿಯದ ವಿಶ್ವವಿದ್ಯಾಲಯಗಳು 2003ರಲ್ಲಿ ಆರಂಭಿಸಿದ 'ಪ್ಯಾರಾಡಿಸೆಕ್' ಭಂಡಾರ, ಹಳೆಯ ಟೇಪುಗಳನ್ನು ಗಣಕರೂಪಕ್ಕೆ ತಂದು, ಅವು ಯಾವ ಜನರಿಂದ ಬಂದವೋ ಅವರಿಗೂ ದೊರೆಯುವಂತೆ ಮಾಡುವುದನ್ನು ತನ್ನ ಕೆಲಸವಾಗಿ ಇಟ್ಟುಕೊಂಡಿದೆ.

ಸಾಕಾರಮಂತ್ರಭೇದ ಐದನೆಯದು. ಸಂದರ್ಭದಿಂದ, ಅಂಗವಿಕಾರದಿಂದ, ಹುಬ್ಬಿನ ಚಲನೆಯಿಂದ ಪರರ ಮನಸ್ಸಿನಲ್ಲಿರುವುದನ್ನು ಅರಿತು ಅಸೂಯೆ ಮುಂತಾದ ಕಾರಣದಿಂದ ಅದನ್ನು ಹೊರಗೆಡಹುವುದು ಇದರ ಲಕ್ಷಣ. ಮುಖದ ಸ್ನಾಯು, ನೋಟ, ದನಿಯ ಕಂಪನ ಇವುಗಳಿಂದ ಭಾವವನ್ನು ಹೇಳುತ್ತೇವೆನ್ನುವ ತಂತ್ರಾಂಶಗಳು ಮಾಡುವುದು ಇದೇ ಕೆಲಸ. ವ್ಯತ್ಯಾಸವೆಂದರೆ ಪ್ರಾಚೀನರು ಇಂಗಿತವನ್ನು ನಿಜವಾಗಿ ಅರಿತವನ ಮಾತನ್ನು ಹೇಳಿದರು, ಇಲ್ಲಿ ಅರಿವೂ ಸಂದೇಹಾಸ್ಪದ. ಯುರೋಪಿಯನ್ ಒಕ್ಕೂಟ ತನ್ನ 2024ರ ಕೃತಕ ಬುದ್ಧಿಮತ್ತೆ ಕಾಯಿದೆಯ ಮೂಲಕ, ಕೆಲಸದ ಸ್ಥಳಗಳಲ್ಲೂ ಶಿಕ್ಷಣ ಸಂಸ್ಥೆಗಳಲ್ಲೂ ಜನರ ಭಾವನೆಗಳನ್ನು ಯಂತ್ರದಿಂದ ಊಹಿಸುವುದನ್ನು, ವೈದ್ಯಕೀಯ ಮತ್ತು ಸುರಕ್ಷತೆಯ ಕಾರಣಗಳ ಹೊರತು, 2025ರ ಫೆಬ್ರವರಿ 2ರಿಂದ ನಿಷೇಧಿಸಿದೆ. ಇಂಗಿತವನ್ನು ಕಾಯುವ ಧರ್ಮವನ್ನು ಸೂತ್ರಕಾರರು ಅದಕ್ಕೂ ಶತಮಾನಗಳ ಹಿಂದೆ ಗೃಹಸ್ಥನ ಮೇಲಿಟ್ಟಿದ್ದರು.

ಯಂತ್ರಕ್ಕೆ ಕಷಾಯವಿಲ್ಲ ಎಂಬ ವಾದ

ಇಲ್ಲಿ ಒಂದು ಆಕ್ಷೇಪ ಸಹಜ. ಕೂಟಲೇಖಕ್ಕೆ ವಂಚನೆಯ ಉದ್ದೇಶ ಬೇಕು. ಯಂತ್ರ ಅಜೀವ, ಅದಕ್ಕೆ ಕ್ರೋಧ, ಮಾನ, ಮಾಯೆ, ಲೋಭಗಳಿಲ್ಲ, ಆದ್ದರಿಂದ ಅದರ ತಪ್ಪು ಬರಹ ಅಸತ್ಯವೇ ಅಲ್ಲ. ಯಂತ್ರವನ್ನು ನಂಬಿದ ಗೃಹಸ್ಥನೂ ವಂಚಿಸಲು ಹೊರಟವನಲ್ಲ; ಅವನಿಗೆ ದೋಷ ಹೇಗೆ ತಟ್ಟೀತು?

ಆಕ್ಷೇಪದ ಮೊದಲ ಭಾಗ ಸರಿ. ಯಂತ್ರಕ್ಕೆ ವ್ರತವೂ ಇಲ್ಲ, ಅತಿಚಾರವೂ ಇಲ್ಲ. ಎರಡನೆಯ ಭಾಗಕ್ಕೆ ಉತ್ತರ ಪ್ರಮಾದದ ತತ್ತ್ವದಲ್ಲಿದೆ. ಜೈನಧರ್ಮ ಹಿಂಸೆಯನ್ನೂ ಅಸತ್ಯವನ್ನೂ ಪ್ರಮತ್ತಯೋಗದಿಂದ ಅಳೆಯುತ್ತದೆ. ಈರ್ಯಾಸಮಿತಿಯಿಂದ ನೆಲ ನೋಡಿ ನಡೆಯುವ ಮುನಿಯ ಕಾಲಡಿಗೆ ಹಠಾತ್ತನೆ ಕೀಟವೊಂದು ಬಂದು ಸತ್ತರೆ ಅವರಿಗೆ ಹಿಂಸೆಯ ಬಂಧವಿಲ್ಲ. ನೋಡದೆ ನಡೆದವನ ಕಾಲಡಿ ಯಾವ ಜೀವವೂ ಸಾಯದಿದ್ದರೂ ಅವನು ದೋಷಮುಕ್ತನಲ್ಲ. ಬರಹಕ್ಕೂ ಇದೇ ಅಳತೆ. ಮುದ್ರಣವನ್ನು ಕೇಳಿ, ಬರಹದೊಡನೆ ತಾಳೆ ನೋಡಿ, ಶಕ್ತಿಮೀರಿ ತಿದ್ದಿದ ಮೇಲೂ ಉಳಿದ ತಪ್ಪು ಪ್ರಮಾದದ ತಪ್ಪಲ್ಲ. ಕೇಳದೆಯೇ ಹಂಚಿದವನ ಬರಹ ಅದೃಷ್ಟವಶಾತ್ ಸರಿಯಾಗಿದ್ದರೂ ಅವನು ಸತ್ಯವನ್ನು ಪಾಲಿಸಿದವನಲ್ಲ. ಕೃತ, ಕಾರಿತ, ಅನುಮೋದಿತ ಎಂಬ ಮೂರು ದಾರಿಗಳಿಂದ ಕರ್ಮಾಸ್ರವವಾಗುತ್ತದೆಂದು ಬಲ್ಲ ಶ್ರಾವಕ "ಯಂತ್ರ ಬರೆಯಿತು" ಎಂದು ಕೈ ತೊಳೆದುಕೊಳ್ಳಲಾರ. ಬರೆಸಿದವನು ಅವನೇ, ಒಪ್ಪಿ ಹಂಚಿದವನೂ ಅವನೇ.

ಇನ್ನೊಂದು ಆಕ್ಷೇಪ ಇದಕ್ಕಿಂತ ಭಾರವಾದುದು. ಇಷ್ಟು ಕಟ್ಟುನಿಟ್ಟು ಮಾಡಿದರೆ ಎಷ್ಟೋ ಮಾತು ಬರಹವಾಗದೆಯೇ ನಶಿಸುತ್ತದೆ. ಕಿವಿ ಕೇಳದವರಿಗೆ ಪರದೆಯ ಮೇಲೆ ಮೂಡುವ ಅಕ್ಷರಗಳೇ ಪ್ರವಚನ. ಕೈಬರಹಕ್ಕೆ ಕಾಲವೂ ಹಣವೂ ಇಲ್ಲದ ಚಿಕ್ಕ ಬಸದಿಗಳ ಹಿರಿಯರ ನೆನಪುಗಳು ಅವರೊಡನೆಯೇ ಹೋಗುತ್ತವೆ. ಶ್ರುತರಕ್ಷಣೆಯೂ ಧರ್ಮವಲ್ಲವೇ? ಖಂಡಿತವಾಗಿ ಧರ್ಮವೇ. ಆದ್ದರಿಂದಲೇ ಇಲ್ಲಿ ಸಾಧನದ ತ್ಯಾಗವನ್ನು ಹೇಳುತ್ತಿಲ್ಲ. ತಪ್ಪಿರಬಹುದಾದ ಬರಹ ಏನೂ ಇಲ್ಲದುದಕ್ಕಿಂತ ಮೇಲಾಗಬಹುದು. ಆದರೆ ಅದು ತಪ್ಪಿರಬಹುದಾದ ಬರಹವೆಂದು ಮೇಲೆಯೇ ಬರೆದಿರಬೇಕು. ಹಾಗೆ ಬರೆದರೆ ಅದು ನಯ, ಬರೆಯದಿದ್ದರೆ ದುರ್ನಯ.

ಟ್ರಸ್ಟುಗಳೂ ಕುಟುಂಬಗಳೂ ಮಾಡಬಹುದಾದುದು

ಇದರಿಂದ ಆಚರಣೆಗೆ ಕೆಲವು ನಿಯಮಗಳು ಸಹಜವಾಗಿ ಹೊರಡುತ್ತವೆ. ಮುದ್ರಿಸುವ ಮೊದಲು ಕೇಳಬೇಕು. ಏತಕ್ಕೆ, ಯಾರು ಕೇಳುತ್ತಾರೆ, ಎಷ್ಟು ಕಾಲ ಇಡುತ್ತೇವೆ ಎಂಬುದನ್ನು ಅವರ ಭಾಷೆಯಲ್ಲೇ ತಿಳಿಸಬೇಕು. ಹೊಸ ಬಳಕೆ ಬಂದಾಗ ಹೊಸದಾಗಿ ಕೇಳಬೇಕು. ಅವರು ಇಲ್ಲದಿದ್ದರೆ ಅವರ ಮನೆಯವರನ್ನು ಕೇಳಬೇಕು. ಸ್ಪಷ್ಟವಾಗಿ ಕೇಳಿಸದ ಕಡೆ "ಕೇಳಿಸಲಿಲ್ಲ" ಎಂದೇ ಬರೆಯಬೇಕು. ಮೌನವಿದ್ದ ಕಡೆ ಮೌನವೆಂದು ಗುರುತಿಸಬೇಕು.

ಮುಖ್ಯವಾದ ಪ್ರವಚನ, ಹಿರಿಯರ ಹೇಳಿಕೆ, ಟ್ರಸ್ಟಿನ ನಿರ್ಣಯ ಇವುಗಳನ್ನು ಇಬ್ಬರು ಬೇರೆಬೇರೆಯಾಗಿ ಕೇಳಿ ತಾಳೆ ನೋಡುವುದು ಲೇಸು. ಇಬ್ಬರು ನೋಡುಗರ ಒಮ್ಮತದಲ್ಲಿ ಆಕಸ್ಮಿಕವಾದ ಪಾಲನ್ನು ಕಳೆದು ಉಳಿದುದನ್ನು ಅಳೆಯಲು 1960ರಲ್ಲಿ ಜೇಕಬ್ ಕೋಹೆನ್ ಎಂಬ ವಿದ್ವಾಂಸರು ಒಂದು ಗಣಿತಸೂತ್ರವನ್ನೇ ಕೊಟ್ಟರು. ವರ್ತನೆಯನ್ನು ವರ್ಗೀಕರಿಸುವ ಸಂಶೋಧಕರು ಇಂದಿಗೂ ಅದನ್ನು ಬಳಸುತ್ತಾರೆ. ಬಸದಿಯ ಮಟ್ಟಿಗೆ ಅಷ್ಟು ಗಣಿತ ಬೇಡ. ಕಿರ್ದಿಯನ್ನೂ ಖಾತೆಯನ್ನೂ ತಾಳೆ ನೋಡುವ ವ್ಯಾಪಾರಿಯ ಅಭ್ಯಾಸ ಸಾಕು.

ಮೂಲ ಮುದ್ರಣ ವೋಚರಿನಂತೆ, ಬರಹ ಖಾತೆಯಂತೆ. ವೋಚರ್ ಇಲ್ಲದ ಖಾತೆಯನ್ನು ಲೆಕ್ಕಪರಿಶೋಧಕನು ಒಪ್ಪುವುದಿಲ್ಲ. ಆದರೆ ಇಟ್ಟವನು ತನ್ನ ಇಡುಗಂಟನ್ನು ಹಿಂದಕ್ಕೆ ಕೇಳಿದರೆ ಕೊಡಲೇಬೇಕು. ಈ ಎರಡು ಧರ್ಮಗಳು ಒಂದಕ್ಕೊಂದು ಎದುರಾದಂತೆ ತೋರಿದರೂ ಪರಿಹಾರವಿದೆ. ಸಭೆಯ ಮುಂದೆ ಎಲ್ಲರಿಗಾಗಿ ಆಡಿದ ಮಾತಿನ ಮೂಲವನ್ನು ಜೋಪಾನವಾಗಿ ಇಡಬೇಕು. ಮನೆಯೊಳಗೆ ನಂಬಿ ಆಡಿದ ಮಾತಿನ ಮೂಲವನ್ನು ಆಡಿದವನು ಬೇಡವೆಂದರೆ ಅಳಿಸಬೇಕು. ಅಳಿಸಿದ ಮೇಲೆ ಅದರ ಬರಹವನ್ನು ಸಾಕ್ಷಿಯಾಗಿ ಎಲ್ಲಿಯೂ ತರಬಾರದು.

ಈ ನಿಯಮಗಳನ್ನು ಪಾಲಿಸಿದರೆ ಕೆಲಸ ನಿಧಾನವಾಗುತ್ತದೆ, ಖರ್ಚೂ ಸ್ವಲ್ಪ ಹೆಚ್ಚುತ್ತದೆ. ತಕ್ಕಡಿಯ ತೂಕ ಸರಿಯಾಗಿದೆಯೇ ಎಂದು ದಿನವೂ ನೋಡುವ ವ್ಯಾಪಾರಿಗೂ ಕಾಲ ಹಿಡಿಯುತ್ತದೆ. ಆ ಕಾಲವನ್ನು ಅವನು ನಷ್ಟದ ಖಾತೆಗೆ ಬರೆಯುವುದಿಲ್ಲ. ಅಚೌರ್ಯವ್ರತಿಗೆ ತಕ್ಕಡಿ ಹೇಗೋ, ಇಂದಿನ ಸತ್ಯವ್ರತಿಗೆ ಮುದ್ರಣಯಂತ್ರವೂ ಹಾಗೆಯೇ ಎಂಬ ತಿಳಿವಳಿಕೆ ಪ್ರತಿ ಕುಟುಂಬದಲ್ಲೂ ಪ್ರತಿ ಟ್ರಸ್ಟಿನಲ್ಲೂ ಮೂಡಲಿ. ಪರರ ಮಾತಿಗೆ ಒಂದು ಪದವನ್ನೂ ಕೂಡಿಸದ, ಅವರ ಮೌನದಿಂದ ಒಂದು ಕ್ಷಣವನ್ನೂ ಕಳೆಯದ ಎಚ್ಚರ ಎಲ್ಲರಿಗೂ ಸಾಧ್ಯವಾಗಲಿ.